ಕಲ್ಲಿಗೆ ಕೈ ಬಂದರೆ ಯಾರಿಗೇನು ಕಷ್ಟ?

ಜಿಯೋಡ್ಯೂಡ್ ಎಂಬ ಪ್ರಾಣಿಯ ಪರವಾಗಿ ಅರವತ್ತು ದಾಟಿದ ಹೆಂಗಸೊಬ್ಬಳು ವಕಾಲತ್ತು ವಹಿಸಬೇಕಾಗಿ ಬಂದಿದೆ. ಬೇರೆ ಯಾರೂ ಮುಂದೆ ಬರುವಂತೆ ಕಾಣಲಿಲ್ಲ, ಹಾಗಾಗಿ ನಾನೇ ಬಂದೆ.

ಈ ಪ್ರಾಣಿ ಏನೆಂದು ಮೊದಲು ಹೇಳಿಬಿಡುತ್ತೇನೆ. ಒಂದು ಗುಂಡುಕಲ್ಲು. ಅದಕ್ಕೆ ಗರಡಿಮನೆಯವನಿಗಿರುವಂಥ ಎರಡು ತೋಳು, ಗಂಟಿಕ್ಕಿದ ಹುಬ್ಬು, ಬೆಳಗಿನ ಕಾಫಿ ಸಿಗದವರ ಮುಖ. ಕಾಲಿಲ್ಲ. ಎತ್ತರ 40 ಸೆಂಟಿಮೀಟರ್, ತೂಕ 20 ಕಿಲೋ. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ ಪೋಕೆಮಾನ್ ಎಂಬ ವಿಡಿಯೋ ಆಟ ಹೊರಬಂತು. ಅದರಲ್ಲಿದ್ದ 151 ಪ್ರಾಣಿಗಳಲ್ಲಿ ಇದು 74ನೆಯದು. ಕಾಡುಮೇಡು ಅಲೆದು ಪ್ರಾಣಿ ಹಿಡಿಯಬೇಕು, ಸಾಕಬೇಕು, ಬೇರೆಯವರು ಸಾಕಿದ್ದರ ಜೊತೆ ಕುಸ್ತಿಗೆ ಬಿಡಬೇಕು, ಆಟ ಅಷ್ಟೇ. ಇದನ್ನು ಕಲ್ಪಿಸಿದ ಸತೋಶಿ ತಜಿರಿ ಎನ್ನುವವರು ಚಿಕ್ಕಂದಿನಲ್ಲಿ ಹುಳ ಹಿಡಿಯುವ ಹುಚ್ಚಿನವರಂತೆ. ಊರು ಬೆಳೆದು ಗದ್ದೆ ಕುಂಟೆಗಳೆಲ್ಲ ಕಟ್ಟಡವಾದ ಮೇಲೆ ಮುಂದಿನ ಮಕ್ಕಳಿಗೆ ಹುಳ ಎಲ್ಲಿ ಸಿಗಬೇಕು? ಆ ಸುಖವನ್ನು ಪೆಟ್ಟಿಗೆಯೊಳಗೆ ಇಟ್ಟುಕೊಟ್ಟರು.

ಇಂಥ ನಿರಪರಾಧಿ ಕಲ್ಲಿನ ಮೇಲೆ ನಮ್ಮ ಕಡೆಯ ಒಂದು ಶಾಲೆಯ ಪೋಷಕರ ಸಭೆಯಲ್ಲಿ ಮುಕ್ಕಾಲು ಗಂಟೆ ಭಾಷಣ ನಡೆಯಿತು. ಯಾವ ಶಾಲೆ, ಭಾಷಣ ಮಾಡಿದವರು ಯಾರು ಎನ್ನುವುದು ಬೇಡ, ಅವರಂಥವರು ಎಲ್ಲ ಊರಿನಲ್ಲೂ ಇದ್ದಾರೆ. ನನ್ನ ತಂಗಿಯ ಮೊಮ್ಮಗಳು, ಏಳನೇ ತರಗತಿಯವಳು, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಜಿಯೋಡ್ಯೂಡಿನ ಚಿತ್ರ ಬರೆದಿದ್ದಳು. ಅದನ್ನು ಎತ್ತಿ ಹಿಡಿದು ತೋರಿಸಿದರು. ಇದು ಪರದೇಶದ ರಾಕ್ಷಸ, ಮಕ್ಕಳಿಗೆ ಹಿಂಸೆ ಕಲಿಸುತ್ತದೆ, ಕಲ್ಲಿಗೆ ಕೈಕಾಲು ಬಂತೆಂದು ನಂಬುವ ಮೌಢ್ಯ ಬೆಳೆಸುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಕೊನೆಯ ಮಾತು ಕೇಳಿದ ಮೇಲೆ ಉಳಿದದ್ದೇನೂ ಕಿವಿಗೆ ಬೀಳಲಿಲ್ಲ.

ಮೌಢ್ಯದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅಲ್ಲ ಸ್ವಾಮಿ, ಕಲ್ಲಿಗೆ ಕಣ್ಣು ಮೂಗು ಇಡುವುದನ್ನು ಜಪಾನಿನವರು ನಮಗೆ ಹೇಳಿಕೊಡಬೇಕೆ? ನಮ್ಮ ಹೊಸಕೋಟೆ ತಾಲ್ಲೂಕಿನಲ್ಲಿ ಯಾವ ಹೊಲದ ಬದುವಿನಲ್ಲಿ ಬೇಕಾದರೂ ನಡೆದು ನೋಡಿ. ಬೇವಿನ ಮರದ ಬುಡದಲ್ಲಿ ಒಂದು ಗುಂಡುಕಲ್ಲು, ಅದಕ್ಕೆ ಅರಿಶಿನ ಕುಂಕುಮ, ಬೆಳ್ಳಿಯ ಎರಡು ಕಣ್ಣು, ಹೆಸರು ಮುನೇಶ್ವರ. ಶ್ರಾವಣದಲ್ಲಿ ಅದರ ಮುಂದೆ ಕೈಮುಗಿದು ನಿಂತವರೇ ಮಗು ಬರೆದ ಕಲ್ಲಿನ ಚಿತ್ರಕ್ಕೆ ಮೌಢ್ಯ ಎಂದರೆ ನಗಬೇಕೋ ಅಳಬೇಕೋ. ನಾನೂ ಕೈಮುಗಿಯುವವಳೇ. ಕಲ್ಲನ್ನು ಜೀವವಿರುವುದೆಂದು ನೋಡುವ ಕಣ್ಣು ನಮ್ಮ ಮಕ್ಕಳಿಗೆ ಟಿ.ವಿ.ಯಿಂದ ಬಂದದ್ದಲ್ಲ, ಅದು ಊರಿನಿಂದಲೇ ಬಂದದ್ದು ಎನ್ನುವುದಷ್ಟೇ ನನ್ನ ಮಾತು.

ಪರದೇಶದ್ದು ಎನ್ನುವುದು ನಿಜ. ಹಸಿಮೆಣಸಿನಕಾಯಿಯೂ ಪರದೇಶದ್ದೇ.

2016ರ ಜುಲೈನಲ್ಲಿ ಪೋಕೆಮಾನ್ ಗೋ ಎಂಬ ಮೊಬೈಲ್ ಆಟ ಹೊರದೇಶಗಳಲ್ಲಿ ಬಂತು. ನಮ್ಮ ದೇಶಕ್ಕೆ ಅಧಿಕೃತವಾಗಿ ಬಂದದ್ದು ಡಿಸೆಂಬರಿನಲ್ಲಿ. ಅಷ್ಟರೊಳಗೇ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಹುಡುಗರು ಮೊಬೈಲ್ ಹಿಡಿದು ಮರದಿಂದ ಮರಕ್ಕೆ ಓಡಾಡುತ್ತಿದ್ದರು. ದೇವಸ್ಥಾನಗಳ ಬಳಿ ಆಟದ ಮೊಟ್ಟೆ ಸಿಗುತ್ತದೆ, ಇದು ಧರ್ಮಕ್ಕೆ ಅಪಚಾರ ಎಂದು ಅದೇ ವರ್ಷ ಗುಜರಾತಿನ ಹೈಕೋರ್ಟಿಗೆ ಅರ್ಜಿ ಹೋಗಿ, ನೋಟಿಸೂ ಹೊರಟಿತು. ಬೇಯಿಸಲು ಬಾರದ, ಒಡೆದರೆ ವಾಸನೆ ಬರದ, ಮೊಬೈಲು ಹಿಡಿದು ಕಿಲೋಮೀಟರುಗಟ್ಟಲೆ ನಡೆದರೆ ಮಾತ್ರ ಮರಿಯಾಗುವ ಮೊಟ್ಟೆ ಅದು! ಮಕ್ಕಳು ಕೂತಲ್ಲೇ ಕೂರುತ್ತಾರೆ ಎಂದು ಬೈಯುವವರೂ ನಾವೇ, ನಡೆಸುವ ಆಟ ಬಂದರೆ ಕೋರ್ಟಿಗೆ ಹೋಗುವವರೂ ನಾವೇ.

ಹಿಂಸೆಯ ಮಾತಿಗೆ ಬರೋಣ. ಈ ಆಟದಲ್ಲಿ ಸೋತ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ, ಆಸ್ಪತ್ರೆಗೆ ಹೋಗಿ ಎದ್ದು ಬರುತ್ತದೆ. ಮನೆಯಲ್ಲಿ ಚೌಕಾಬಾರ ಆಡುವಾಗ ಕಾಯಿ ಕಡಿದೆ, ಹೊಡೆದೆ ಎಂದು ಕೂಗುತ್ತೇವಲ್ಲ, ಅದರಲ್ಲಿ ಇರುವಷ್ಟೇ ಹಿಂಸೆ ಇದರಲ್ಲೂ ಇದೆ. ಕುಸ್ತಿಯ ನಿಯಮವನ್ನು ಆ ಹುಡುಗಿಯಿಂದ ಕೇಳಿ ತಿಳಿದುಕೊಂಡಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಕಲ್ಲಿನ ಪ್ರಾಣಿಗಳ ಯಜಮಾನ ಬ್ರಾಕ್ ಎಂಬ ಹುಡುಗ. ಅವನ ಬಳಿ ಜಿಯೋಡ್ಯೂಡ್ ಇದೆ. ಬಂಡೆಗಳನ್ನು ಸರಪಣಿಯಂತೆ ಜೋಡಿಸಿದ, 8.8 ಮೀಟರ್ ಉದ್ದದ ಆನಿಕ್ಸ್ ಎಂಬ ಹಾವಿದೆ. ಬೆಂಕಿಯ ಪ್ರಾಣಿಯನ್ನು ಆರಿಸಿಕೊಂಡು ಹೋದ ಮಕ್ಕಳಿಗೆ ಇವನನ್ನು ಗೆಲ್ಲುವುದು ಕಷ್ಟ. ನೀರಿನ ಪ್ರಾಣಿ ಅಥವಾ ಹುಲ್ಲಿನ ಪ್ರಾಣಿ ಕೊಂಡೊಯ್ದವರಿಗೆ ಸುಲಭ. ಜಿಯೋಡ್ಯೂಡಿಗೆ ನೀರಿನ ಪೆಟ್ಟೂ ಹುಲ್ಲಿನ ಪೆಟ್ಟೂ ನಾಲ್ಕು ಪಟ್ಟು ತಗಲುತ್ತದೆ.

ಇದು ಭೂಗೋಳದ ಪಾಠವಲ್ಲವೆ? ಬಂಡೆಯ ಸೀಳಿನಲ್ಲಿ ಮಳೆನೀರು ಇಳಿಯುತ್ತದೆ, ಹುಲ್ಲು ಬೇರು ಬಿಡುತ್ತದೆ, ಹಳೆಯ ಗುಡಿಯ ಗೋಡೆಯನ್ನು ಒಂದು ಅರಳಿ ಸಸಿ ಸೀಳಿ ಹಾಕುತ್ತದೆ. ನಮ್ಮ ಸೂಲಿಬೆಲೆ ಸುತ್ತಿನ ಕೆಂಪು ಮಣ್ಣು ಹುಟ್ಟಿದ್ದೇ ಹಾಗೆ. ನಮ್ಮ ಕಾಲ ಕೆಳಗಿರುವ ಬಂಡೆಗೆ ಪೆನಿನ್ಸುಲಾರ್ ನೈಸ್ ಎಂದು ಹೆಸರು. 1916ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ಇಟ್ಟ ಹೆಸರು ಅದು. ಲಾಲ್‌ಬಾಗಿನ ಗುಡ್ಡದ ಮೇಲೆ ಫಲಕವನ್ನೇ ಹಾಕಿದ್ದಾರೆ, ಮುನ್ನೂರು ಕೋಟಿ ವರ್ಷದ ಬಂಡೆ ಇದು ಎಂದು. ಆ ಕಲ್ಲನ್ನು ನೀರೂ ಬೇರೂ ಬಿಸಿಲೂ ಸೇರಿ ತಿಂದು ತಿಂದು ಮಣ್ಣು ಮಾಡಿದ್ದರಿಂದ ನಾವು ರಾಗಿಮುದ್ದೆ ತಿನ್ನುತ್ತಿದ್ದೇವೆ. ಶಾಲೆಯಲ್ಲಿ ‘ಶಿಲೆಗಳ ಶಿಥಿಲೀಕರಣ’ ಎಂದು ಬಾಯಿಪಾಠ ಮಾಡಿಸಿ ಮರೆಸಿಬಿಡುವುದನ್ನು ಈ ಮಗು ಒಂದು ಕುಸ್ತಿಯಿಂದ ಕಲಿತಿದೆ. ಒಂದು ತಪ್ಪು ಮಾತ್ರ ನಾನು ಹಿಡಿದೆ: ಆಟದಲ್ಲಿ ಬೆಂಕಿ ಕಲ್ಲಿಗೆ ಸರಿಯಾಗಿ ನಾಟುವುದಿಲ್ಲವಂತೆ. ನಮ್ಮ ಭೋವಿ ಕಲ್ಲುಕುಟಿಗರು ಕೇಳಿದರೆ ನಕ್ಕಾರು. ಬಂಡೆಯ ಮೇಲೆ ಸೌದೆ ಹರಡಿ ಬೆಂಕಿ ಹಾಕಿ, ಪದರ ಎದ್ದ ಸದ್ದು ಕಿವಿಯಲ್ಲೇ ಅಳೆದು ಚಪ್ಪಡಿ ಎಬ್ಬಿಸುತ್ತಿದ್ದವರು ಅವರು. ಈ ಸೀಮೆಯ ಹಳೆಯ ಮನೆಗಳ ಚಾವಣಿ, ಹಿತ್ತಲ ಬೇಲಿ, ದ್ರಾಕ್ಷಿ ತೋಟದ ಕಲ್ಲುಕಂಬ, ಒಗೆಯುವ ಕಲ್ಲು ಎಲ್ಲವೂ ಆ ಬಂಡೆಯದೇ.

ಇನ್ನು ಆ ಬ್ರಾಕ್. ಟಿ.ವಿ.ಯ ಕಾರ್ಟೂನಿನಲ್ಲಿ ಅವನನ್ನು ನೋಡಿದರೆ ನೀವು ಮೆಚ್ಚದೆ ಇರುವುದಿಲ್ಲ. ಅಪ್ಪ ಮನೆ ಬಿಟ್ಟು ಹೋಗಿದ್ದಾನೆ, ಮನೆ ತುಂಬ ತಮ್ಮ ತಂಗಿಯರು. ಏಪ್ರನ್ ಕಟ್ಟಿಕೊಂಡು ಅಡುಗೆ ಮಾಡುವವನು, ಹರಿದ ಬಟ್ಟೆ ಹೊಲಿಯುವವನು ಈ ಹುಡುಗನೇ. ಓಡಿಹೋದ ಅಪ್ಪ ಬಹಳ ದೂರವೇನೂ ಹೋಗಿರುವುದಿಲ್ಲ, ವೇಷ ಮರೆಸಿಕೊಂಡು ಅದೇ ಊರಿನ ಅಂಚಿನಲ್ಲಿ ಕಲ್ಲು ಮಾರುತ್ತ ಕೂತಿರುತ್ತಾನೆ. ಎಂಥ ಅಪ್ಪ! ಹೆಣ್ಣುಮಕ್ಕಳು ಹೀಗಿರಬೇಕು ಹಾಗಿರಬೇಕು ಎಂದು ಸಭೆಯಲ್ಲಿ ಹೇಳಿದ ಮಹನೀಯರು ಸೌಟು ಹಿಡಿದ ಈ ಗಂಡುಹುಡುಗನ ಕಥೆಯನ್ನು ಒಂದು ಸಲ ನೋಡಿದ್ದರೆ ಎಷ್ಟು ಚೆನ್ನಾಗಿತ್ತು.

ಈ ಕಲ್ಲು ಬೆಳೆಯುವ ರೀತಿಯೂ ಹೇಳುವಂಥದ್ದೇ. ಜಿಯೋಡ್ಯೂಡ್ ಬಲಿತು ಗ್ರಾವೆಲರ್ ಆಗುತ್ತದೆ. ಗ್ರಾವೆಲರ್ ಮುಂದಕ್ಕೆ ಗೋಲೆಮ್ ಆಗಬೇಕಾದರೆ, ಮೂಲ ಆಟದಲ್ಲಿ, ಅದನ್ನು ಇನ್ನೊಬ್ಬರಿಗೆ ಕೊಡಬೇಕು. ಎರಡು ಯಂತ್ರಗಳ ನಡುವೆ ತಂತಿ ಜೋಡಿಸಿ ಗೆಳೆಯನ ಕಡೆಗೆ ಕಳಿಸಿದರೆ, ಅಲ್ಲಿ ಕಾಲಿಟ್ಟ ಕೂಡಲೇ 300 ಕಿಲೋದ ಗೋಲೆಮ್! ಒಬ್ಬನೇ ಕೂತು ಎಷ್ಟು ವರ್ಷ ಆಡಿದರೂ ಆಗುವುದಿಲ್ಲ. ಕೊಟ್ಟ ಮನೆಗೆ ಹೋಗಿ ಬೆಳೆಯಿತು ಎಂದರೆ ನಮ್ಮ ಹೆಂಗಸರು ಅಷ್ಟು ಸುಲಭವಾಗಿ ನಂಬುವುದಿಲ್ಲ, ಅದು ಬೇರೆ ಮಾತು. ಆದರೆ ಜೊತೆಗಾರರಿಲ್ಲದೆ ಮುಗಿಯದ ಆಟವನ್ನು ‘ಮಕ್ಕಳನ್ನು ಒಂಟಿ ಮಾಡುತ್ತದೆ’ ಎಂದು ಬೈಯುವುದು ಅನ್ಯಾಯ.

ಬೈಯಬೇಕಾದದ್ದು ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. 1997ರ ಡಿಸೆಂಬರಿನಲ್ಲಿ ಇದರ ಒಂದು ಕಾರ್ಟೂನ್ ಕಂತಿನಲ್ಲಿ ಕೆಂಪು ನೀಲಿ ಬೆಳಕು ಪಟಪಟನೆ ಮಿಂಚಿ ಜಪಾನಿನಲ್ಲಿ ಸುಮಾರು 685 ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದರು. ಮೊಬೈಲ್ ಆಟದಲ್ಲಿ ನಾಣ್ಯ ಮಾರುತ್ತಾರೆ, ಅಪ್ಪನ ಫೋನಿನಿಂದ ದುಡ್ಡು ಸದ್ದಿಲ್ಲದೆ ಹೋಗುತ್ತದೆ. ಆ ಆಟವನ್ನು ನಡೆಸುತ್ತಿದ್ದ ವಿಭಾಗ 2025ರಲ್ಲಿ ಮುನ್ನೂರೈವತ್ತು ಕೋಟಿ ಡಾಲರಿಗೆ ಕೈ ಬದಲಾಯಿತು. ಅಷ್ಟು ದುಡ್ಡು ಗಾಳಿಯಲ್ಲಿ ಹುಟ್ಟಿದ್ದಲ್ಲ. ಫೋನಿಗೆ ಬೀಗ ಹಾಕಿ, ಗಂಟೆ ಗೊತ್ತುಮಾಡಿ, ರಸ್ತೆಯಲ್ಲಿ ತಲೆ ಎತ್ತಿ ನಡೆಯಲು ಹೇಳಿ. ಯಾರು ಬೇಡ ಎಂದರು?

ಆದರೆ ಆ ಸಭೆ ಮುಗಿದ ಮೇಲೆ ಏನಾಯಿತೆಂದು ಕೇಳಿ. ನಮ್ಮ ಮನೆಯಲ್ಲಿ ಫೋನು ನಿಂತದ್ದು ಹುಡುಗಿಗೆ ಮಾತ್ರ. ಅವಳ ಅಣ್ಣ ಅದೇ ಆಟವನ್ನು ಅದೇ ಜಗಲಿಯಲ್ಲಿ ಕೂತು ಆಡುತ್ತಿದ್ದಾನೆ. ‘ಅವನು ಗಂಡುಹುಡುಗ, ಆಡಲಿ ಬಿಡಿ ದೊಡ್ಡಮ್ಮ’ ಎಂದಳು ಅವರ ತಾಯಿ. ರಾಕ್ಷಸ ಅಣ್ಣನನ್ನು ಬಿಟ್ಟು ತಂಗಿಯನ್ನು ಮಾತ್ರ ಹಿಡಿಯುತ್ತಾನೆಯೆ? ನಾವು ಅಣ್ಣೆಕಲ್ಲು ಆಡುತ್ತಿದ್ದಾಗಲೂ ಇದೇ ನ್ಯಾಯ. ಐದು ಕಲ್ಲು ಆರಿಸಿಕೊಂಡು, ಒಂದನ್ನು ಮೇಲಕ್ಕೆ ಎಸೆದು, ಅದು ಬೀಳುವುದರೊಳಗೆ ನೆಲದ ಮೇಲಿನ ನಾಲ್ಕನ್ನು ಬಾಚಿಕೊಳ್ಳುವುದು. ಮನೆಯೊಳಗೆ ಹೆಣ್ಣುಮಕ್ಕಳು ಕಲ್ಲು ಆಡಿದರೆ ದರಿದ್ರ ಬರುತ್ತದೆ ಎಂದು ನಮ್ಮಜ್ಜಿ ಕಲ್ಲನ್ನು ತಿಪ್ಪೆಗೆ ಎಸೆಯುತ್ತಿದ್ದರು. ಗಂಡುಮಕ್ಕಳ ಗೋಲಿಯಿಂದ ಯಾವ ದರಿದ್ರವೂ ಬರುತ್ತಿರಲಿಲ್ಲ. ಒರಳುಕಲ್ಲು, ಬೀಸುವ ಕಲ್ಲು, ಒಗೆಯುವ ಕಲ್ಲು, ಜಲ್ಲಿ ಒಡೆಯುವ ಕಲ್ಲು ಹೆಣ್ಣಿಗೆ ಆಗಬಹುದು. ಆಡುವ ಕಲ್ಲು ಮಾತ್ರ ಆಗುವುದಿಲ್ಲ.

ಹೊರಗೆ ಹೋಗಿ ನಿಜವಾದ ಕಲ್ಲಿನ ಜೊತೆ ಆಡಲಿ ಎಂದು ಭಾಷಣದಲ್ಲಿ ಹೇಳಿದರಲ್ಲ, ಎಲ್ಲಿಗೆ ಹೋಗಬೇಕು ಸ್ವಾಮಿ? ಈ ಸುತ್ತಿನ ಗುಡ್ಡಗಳನ್ನು ಕ್ರಷರಿಗೆ ಹಾಕಿ ಜಲ್ಲಿ ಎಂಸ್ಯಾಂಡ್ ಮಾಡಿದವರು ಜಪಾನಿನವರಲ್ಲ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ತೆರೆಯಿತು. 2024ರಲ್ಲಿ ದಾಬಸ್‌ಪೇಟೆ–ಹೊಸಕೋಟೆ ಹೆದ್ದಾರಿ ಉದ್ಘಾಟನೆಯಾಗಿ ನಮ್ಮ ಸೂಲಿಬೆಲೆಗೂ ಲಾರಿಗಳ ಸದ್ದು ತಂದಿತು. ರಸ್ತೆ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಗುಡ್ಡ ಕರಗಿಸುವಾಗ ತುಟಿ ಬಿಚ್ಚದವರು ನೋಟ್‌ಬುಕ್ಕಿನ ಕಲ್ಲಿನ ಮೇಲೆ ಕೂಗಾಡುವುದನ್ನು ನನ್ನಿಂದ ಸಹಿಸಲಾಗದು.

ಕಲ್ಲು ಹುಡುಕಿಕೊಂಡು ಅಲೆಯುವವರನ್ನು ಒಂದು ಕಾಲದಲ್ಲಿ ಸರ್ಕಾರವೇ ಸಂಬಳ ಕೊಟ್ಟು ಸಾಕುತ್ತಿತ್ತು. ಬಿ.ಎಲ್. ರೈಸ್ ಸಾಹೇಬರು ಹಳ್ಳಿ ಹಳ್ಳಿಯ ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳನ್ನು ಓದಿಸಿ, ಬರೆಸಿ, ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಸನ ಸಂಗ್ರಹಿಸಿದರು. 1905ರಲ್ಲಿ ಬಂದ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ನಮ್ಮ ಹೊಸಕೋಟೆಯ ಕಲ್ಲುಗಳೂ ಅದರಲ್ಲಿವೆ. ಒಂದೊಂದಕ್ಕೂ ಒಂದು ಸಂಖ್ಯೆ, ಸಿಕ್ಕ ಜಾಗ, ಅದರ ಅಳತೆ. ಹುಡುಗಿಯ ಪೋಕೆಮಾನ್ ಪಟ್ಟಿಯಲ್ಲೂ ಇರುವುದು ಅಷ್ಟೇ: ಸಂಖ್ಯೆ, ಸಿಗುವ ಜಾಗ, ಎತ್ತರ, ತೂಕ. 2023ರಲ್ಲಿ ಪೋಕೆಮಾನ್ ಗೋ ಹಿಂದಿಗೆ ಬಂದು ಪ್ರಾಣಿಗಳಿಗೆಲ್ಲ ಹಿಂದಿ ಹೆಸರು ಇಟ್ಟರು, ಕನ್ನಡದ ನೆನಪು ಅವರಿಗೆ ಆಗಲಿಲ್ಲ. ಜಿಯೋಡ್ಯೂಡಿಗೆ ಕನ್ನಡದಲ್ಲಿ ಏನು ಹೆಸರಿಡುತ್ತೀಯೆ ಎಂದು ಅವಳನ್ನು ಕೇಳಿದೆ. ‘ಗುಂಡ್ಕಲ್ಲಪ್ಪ’ ಎಂದಳು ತಡಮಾಡದೆ.

ಆ ಭಾನುವಾರ ಅವಳನ್ನು ಕರೆದುಕೊಂಡು ಹತ್ತಿರದ ಹಳ್ಳಿಗೆ ಹೋದೆ. ಅಲ್ಲಿ ಚರಂಡಿಗೆ ಹಾಸಿದ ಚಪ್ಪಡಿಗಳಲ್ಲಿ ಒಂದು ವೀರಗಲ್ಲು; ಬಿಲ್ಲು ಹಿಡಿದ ತೋಳು ಅರ್ಧ ಸವೆದಿದೆ, ಮುಖದ ಮೇಲೆ ಜನ ಕಾಲಿಟ್ಟು ದಾಟುತ್ತಾರೆ. ಆಟದ ಪುಸ್ತಕದಲ್ಲಿ ಜಿಯೋಡ್ಯೂಡಿನ ಬಗ್ಗೆ ಬರೆದಿರುವುದೂ ಇದನ್ನೇ ಅಂತೆ, ಬರೀ ಕಲ್ಲೆಂದುಕೊಂಡು ಜನ ತುಳಿಯುತ್ತಾರೆ ಎಂದು. ಹುಡುಗಿ ಬಗ್ಗಿ ಮಣ್ಣು ಒರೆಸಿ, ಗೇಣು ಹಾಕಿ ಅಳೆದು, ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು.

‘ಅಜ್ಜೀ, ಇದನ್ನ ಎತ್ತಿ ನಿಲ್ಲಿಸೋಕೆ ಎಷ್ಟು ಜನ ಬೇಕು?’

‘ಗೋಲೆಮ್‌ನಷ್ಟು ಭಾರ ಇದ್ದೀತು ಕಣೇ. ಆರು ಜನ ಬೇಕು’ ಎಂದೆ. ಇಬ್ಬರಾಗಿದ್ದೇವೆ. ಇನ್ನು ನಾಲ್ವರು ಬೇಕಾಗಿದ್ದಾರೆ.