ಭೀತಿಯ ನೆಲೆ

ದೆವ್ವದ ಚಿತ್ರಗಳೆಂದರೆ ನನಗೆ ನಗು. ಆ ನಗುವನ್ನು ಜಪಾನಿನ ‘ರಿಂಗು’ ಕಸಿದುಕೊಂಡಿತೆಂದು ಒಪ್ಪಲೇಬೇಕಾಗಿದೆ, ವಾಚಕ ಮಹಾಶಯರೆ!

ಕೋಜಿ ಸುಜುಕಿಯವರ 1991ರ ಕಾದಂಬರಿಯನ್ನು ಆಧರಿಸಿ ಹಿದೆಯೊ ನಕಾತಾ ಅವರು 1998ರಲ್ಲಿ ನಿರ್ದೇಶಿಸಿದ ಚಿತ್ರವಿದು. ಒಂದು ವಿಡಿಯೋ ಟೇಪನ್ನು ನೋಡಿದವರಿಗೆ ಏಳು ದಿನಗಳಲ್ಲಿ ಮರಣ. ರಕ್ತದ ಹೊಳೆಯಿಲ್ಲ, ಅಟ್ಟಹಾಸವಿಲ್ಲ. ಮನೆಮಂದಿಯೆಲ್ಲ ಕುಳಿತು ನೋಡುವ ಟೆಲಿವಿಷನ್ನಿನೊಳಗಿಂದಲೇ ಸದಾಕೊ ತೆವಳಿ ಬರುತ್ತಾಳೆ; ಮುಖದ ತುಂಬ ಕೂದಲು. ನಟಿಯನ್ನು ಹಿಂದುಹಿಂದಕ್ಕೆ ನಡೆಸಿ, ಚಿತ್ರವನ್ನು ತಿರುಗುಮುರುಗಾಗಿ ಓಡಿಸಿದ್ದಾರೆ. ಆದ್ದರಿಂದಲೇ ಆ ನಡಿಗೆ ಮಾನವಸಹಜವೆನಿಸದು.

ಆದರೂ ನನ್ನ ನಿದ್ದೆ ಕೆಡಿಸಿದವಳು ರೇಕೊ ಎಂಬ ತಾಯಿ. ಟೇಪಿನ ಪ್ರತಿಯೊಂದನ್ನು ಮಾಡಿ ಬೇರೊಬ್ಬರಿಗೆ ತೋರಿಸಿದರಷ್ಟೇ ಉಳಿವು ಎಂಬುದನ್ನು ಅವಳು ಕಂಡುಕೊಳ್ಳುತ್ತಾಳೆ. ಅವಳ ಪುಟ್ಟ ಮಗನೂ ಟೇಪನ್ನು ನೋಡಿಬಿಟ್ಟಿದ್ದಾನೆ. ಕೊನೆಗೆ ಅವಳ ಕಾರು ಹೊರಡುವುದು ಅವಳ ತಂದೆಯ ಮನೆಯತ್ತ!

ಚಿತ್ರ ಮುಗಿದಾಗ ನಡುರಾತ್ರಿ. ಒಳಗೆ ಮಗಳು ನಿದ್ರಿಸುತ್ತಿದ್ದಳು. ಊರಿನಲ್ಲಿ ಒಬ್ಬರೇ ಇರುವ ತಂದೆಯವರ ನೆನಪಾಯಿತು. ರೇಕೊಳ ಸ್ಥಾನದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಉತ್ತರ ಕೂಡಲೇ ಹೊಳೆಯಿತು. ನಾನು ಹೆದರಿದ್ದು ಆಗ.