ಮೊದಲ ಕತ್ತರಿ ಯಾರ ಹೊಟ್ಟೆಗೆ?

ಔರಾದ ತಾಲೂಕಿನ ನನ್ನ ಸೋದರತ್ತೆಗೆ ಪಿತ್ತಕೋಶದಲ್ಲಿ ಕಲ್ಲುಗಳಾಗಿದ್ದವು. ದೂರದ ಊರಿನ ಆಸ್ಪತ್ರೆಯೊಂದರಲ್ಲಿ ದುರ್ಬೀನಿನ ಆಪರೇಶನ್ ಆಯಿತು. ಮೂರು ದಿನದಲ್ಲಿ ಮನೆಗೆ ಬರಬೇಕಾದವಳು ಎರಡು ತಿಂಗಳು ಹಾಸಿಗೆ ಹಿಡಿದಳು. ಪಿತ್ತನಾಳಕ್ಕೇ ಪೆಟ್ಟು ಬಿದ್ದಿತ್ತು. ಕತ್ತರಿ ಹಿಡಿದಿದ್ದವನು ಇನ್ನೂ ಕಲಿಯುತ್ತಿದ್ದ ಹುಡುಗನೆಂದು ಆಮೇಲೆ ತಿಳಿಯಿತು. ಅತ್ತೆ ಸಿಟ್ಟಾಗಲಿಲ್ಲ. ‘ಕಲಿಯೋ ಹುಡುಗರು ಎಲ್ಲಿ ಕಲೀಬೇಕಪ್ಪ, ನಮ್ಮಂಥೋರ ಮ್ಯಾಲೇ ಅಲ್ಲೇನು?’ ಎಂದಳು. ಅವಳ ಆ ಸಮಾಧಾನ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಮೊನ್ನೆ ಭಾಲ್ಕಿಯಲ್ಲಿ ಚಹಾ ಕುಡಿಯುತ್ತ ಪರಿಚಯದ ವೈದ್ಯರೊಬ್ಬರ ಮುಂದೆ, ಕಂಪ್ಯೂಟರಿನೊಳಗೆ ಯಕೃತ್ತು, ಪಿತ್ತಕೋಶಗಳನ್ನು ನಿರ್ಮಿಸಿ ಅವುಗಳ ಮೇಲೆ ಕೈ ಪಳಗಿಸುವ ಯಂತ್ರಗಳ ಮಾತು ತೆಗೆದೆ. ಅವರು ನಕ್ಕರು. ‘ಅದೆಲ್ಲ ಅಮೆರಿಕದವರಿಗೆ ಸರಿ. ನಮ್ಮಲ್ಲಿ ಪೇಷಂಟುಗಳಿಗೇನು ಬರಗಾಲವೆ?’ ಈ ಒಂದು ಮಾತಿಗೆ ಉತ್ತರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೃದುವಾದ ಅಂಗವನ್ನು ಕಂಪ್ಯೂಟರಿನಲ್ಲಿ ಕಟ್ಟುವುದು ಹುಡುಗಾಟವಲ್ಲ. ಎಲುಬು ಇಟ್ಟಲ್ಲಿ ಇರುತ್ತದೆ. ಯಕೃತ್ತು ಹಾಗಲ್ಲ, ಒತ್ತಿದರೆ ತಗ್ಗುತ್ತದೆ, ಎಳೆದಷ್ಟೂ ಬಿಗಿಯಾಗುತ್ತದೆ, ಬಿಟ್ಟರೆ ನಿಧಾನವಾಗಿ ಮೊದಲಿನಂತಾಗುತ್ತದೆ, ಕೊಯ್ದರೆ ಆಕಾರವೇ ಬದಲಾಗುತ್ತದೆ. ಆದ್ದರಿಂದ ಅದನ್ನು ಸಾವಿರಾರು ತುಣುಕುಗಳಾಗಿ ಭಾವಿಸಿಕೊಂಡು, ಒಂದು ತುಣುಕು ಪಕ್ಕದ್ದನ್ನು ಎಷ್ಟು ಎಳೆಯುತ್ತದೆಂದು ಲೆಕ್ಕ ಹಾಕಬೇಕು. ಕಣ್ಣನ್ನು ಒಪ್ಪಿಸಲು ಸೆಕೆಂಡಿಗೆ 30 ಚಿತ್ರ ಸಾಕು. ಬೆರಳನ್ನು ಒಪ್ಪಿಸಲು ಸೆಕೆಂಡಿಗೆ ಸುಮಾರು 1000 ಸಲ ಬಲದ ಉತ್ತರ ಬರಬೇಕು. ಲೆಕ್ಕ ಸರಳ ಮಾಡಿದರೆ ಯಕೃತ್ತು ರಬ್ಬರಾಗುತ್ತದೆ. ನಿಖರ ಮಾಡಿದರೆ ಯಂತ್ರ ತಡವರಿಸುತ್ತದೆ. ರಬ್ಬರಿನ ಮೇಲೆ ಪಳಗಿದ ಕೈ ನಿಜವಾದ ಯಕೃತ್ತನ್ನು ಹರಿದೀತು. ಹಾಗಾಗಿ ನಾನು ಕೇಳುತ್ತಿರುವುದು ಉದ್ಘಾಟನೆಯ ಮರುದಿನ ಬಟ್ಟೆ ಹೊದಿಸಿಡುವ ಆಟಿಕೆಯನ್ನಲ್ಲ.

‘ಇದು ಪರದೇಶದ ಶೋಕಿ’ ಎನ್ನುವವರು ಸುಶ್ರುತಸಂಹಿತೆಯನ್ನಾದರೂ ತೆರೆಯಲಿ. ಶಿಷ್ಯನು ಕುಂಬಳ, ಸೋರೆ, ಸೌತೆಗಳ ಮೇಲೆ ಕೊಯ್ಯುವುದನ್ನೂ, ನೀರು ಕೆಸರು ತುಂಬಿದ ತೊಗಲಿನ ಚೀಲದ ಮೇಲೆ ಸೀಳುವುದನ್ನೂ ಮೊದಲು ಕಲಿಯಬೇಕೆಂದು ಅಲ್ಲಿದೆ. ಶಾಸ್ತ್ರವೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಯೋಗ್ಯನಲ್ಲವೆಂದೂ ಇದೆ. ಆ ತೊಗಲಿನ ಚೀಲವೇ ಇಂದು ಕಂಪ್ಯೂಟರಿನೊಳಗೆ ಬಂದು ಕುಳಿತಿದೆ.

ಫಲವೇನು ಎನ್ನುವಿರಾ? ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ಪರೀಕ್ಷೆ 2002ರಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ 16 ವೈದ್ಯರಲ್ಲಿ ಯಂತ್ರದ ಮೇಲೆ ಪಳಗಿದವರು ಪಿತ್ತಕೋಶ ಬಿಡಿಸುವ ಕೆಲಸವನ್ನು ಶೇ. 29ರಷ್ಟು ಬೇಗ ಮುಗಿಸಿದರು. ಪಳಗದವರ ಕೈಯಲ್ಲಿ ಪಿತ್ತಕೋಶಕ್ಕೆ ಗಾಯವಾಗುವ, ಪಕ್ಕದ ಅಂಗಾಂಶ ಸುಡುವ ಸಂಭವ ಐದು ಪಟ್ಟು ಹೆಚ್ಚಿತ್ತು. ಆ ಯಂತ್ರದಲ್ಲಿ ಅಂಗಗಳೂ ಇರಲಿಲ್ಲ, ಬರಿಯ ಆಕಾರಗಳಿದ್ದವು. ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಎಂಡೋಸ್ಕೋಪಿ ಕಲಿಸುವ ಸಿಮ್ಯುಲೇಟರ್ ರೂಪುಗೊಂಡಿದೆ. ಮಿಮಿಕ್ ಎಂಬ ಕಂಪನಿ ಅಲ್ಲಿಂದ ಹುಟ್ಟಿದೆ. ನಮ್ಮ ರಾಜ್ಯದ ಬುದ್ಧಿಗೆ ಸಾಧ್ಯವಾದದ್ದು ನಮ್ಮ ರಾಜ್ಯದ ತುದಿಯ ಜಿಲ್ಲೆಗೆ ಯಾಕೆ ದುಬಾರಿಯಾಗಬೇಕು? ಖರ್ಚಿನ ಲೆಕ್ಕ ಹೇಳುವವರು, ಎರಡು ತಿಂಗಳು ಕೂಲಿ ಕಳೆದುಕೊಂಡು ಮಲಗಿದವಳ ಖರ್ಚನ್ನು ಯಾವ ಖಾತೆಯಲ್ಲಿ ಬರೆಯುತ್ತಾರೆ?

ಬೀದರಿನ ಬಿದರಿ ಕುಸುರಿಗಾರನ ಉಳಿ ತಪ್ಪಿದರೆ ಆ ಸತು ತಾಮ್ರದ ಹೂಜಿಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಪಿತ್ತನಾಳಕ್ಕೆ ಆ ಭಾಗ್ಯವಿಲ್ಲ. ರೋಗಿಗಳು ಹೇರಳವಾಗಿದ್ದಾರೆಂಬುದು ಅವರ ಮೇಲೆ ಕಲಿಯಲು ಪರವಾನಗಿಯಲ್ಲ. ಅವರಿಗೆ ಪಳಗಿದ ಕೈಗಳು ಹೇರಳವಾಗಿ ಬೇಕೆಂಬುದಕ್ಕೆ ಕಾರಣ. ಅತ್ತೆಯ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಈಗ ಇದೆ: ಮೊದಲು ಯಂತ್ರದ ಮೇಲೆ ನೂರು ಸಲ ಕಲಿಯಲಿ, ಆಮೇಲೆ ಗುರುವಿನ ಕಣ್ಣೆದುರು ನಿನ್ನ ಹತ್ತಿರ ಬರಲಿ, ಅದೂ ನಿನ್ನನ್ನು ಕೇಳಿ.