ಹುಟ್ಟುಹಬ್ಬದ ವೈಭವ ಮತ್ತು ವಿಸ್ಮಯವೆಂಬ ಅತಿಚಾರ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಜೈನ ಮನೆಗಳಲ್ಲಿ ಮಗನೋ ಮಗಳೋ ಪರದೇಶದಲ್ಲಿ ನೆಲೆಸಿರುವುದು ಈಗ ವಿಶೇಷದ ಸಂಗತಿಯಾಗಿ ಉಳಿದಿಲ್ಲ. ದುಬೈ, ಸಿಂಗಪುರ, ಅಮೆರಿಕಗಳಿಂದ ಅವರು ತಂದೆತಾಯಿಗಳಿಗೆ ಕಳುಹಿಸುವ ಭಾವಚಿತ್ರಗಳಲ್ಲಿ ಒಂದು ಬಗೆಯವು ಮಾತ್ರ ಮನೆಮನೆಗೂ ಹಂಚಿಕೆಯಾಗುತ್ತವೆ. ಅವು ಜಿನಾಲಯದವಲ್ಲ, ಭಾನುವಾರದ ಪಾಠಶಾಲೆಯವೂ ಅಲ್ಲ. ಯಾರದೋ ಐದು ವರ್ಷದ ಮಗುವಿನ ಹುಟ್ಟುಹಬ್ಬದವು. ಅಜ್ಜಿ ಅದನ್ನು ನೆರೆಯವರಿಗೆ ತೋರಿಸುತ್ತಾಳೆ, ನೆರೆಯವರು ಬೆರಗಾಗುತ್ತಾರೆ. ಆ ಬೆರಗೇ ಇಲ್ಲಿಯ ವಿಚಾರಣೆಯ ವಸ್ತು.

ಅಂತಹ ಸಮಾರಂಭದ ಸ್ವರೂಪವನ್ನು ಬಲ್ಲವರು ಬಲ್ಲರು. ಬಾಡಿಗೆಯ ಸಭಾಂಗಣ, ಒಂದೇ ಕಥೆಯ ಸುತ್ತ ಹೆಣೆದ ಅಲಂಕಾರ, ಬಲೂನುಗಳ ಕಮಾನು, ವೇಷಧಾರಿಗಳು, ಜಾದೂಗಾರ, ಮಕ್ಕಳ ಸವಾರಿಗೆಂದು ಬಿಸಿಲಿನಲ್ಲಿ ಕಟ್ಟಿದ ಪುಟ್ಟ ಕುದುರೆ, ಛಾಯಾಗ್ರಾಹಕರ ತಂಡ. ಹೊರಡುವಾಗ ಪ್ರತಿ ಮಗುವಿನ ಕೈಗೂ ಒಂದು ಉಡುಗೊರೆಯ ಚೀಲ. ಅತಿಥಿಯಾಗಿ ಹೋದ ಸಾಧಾರಣ ಸಂಬಳದ ಕುಟುಂಬಕ್ಕೆ ಅಲ್ಲಿಂದಲೇ ಲೆಕ್ಕಾಚಾರ ಆರಂಭ. ಒಯ್ದ ಉಡುಗೊರೆ ಕಡಿಮೆಯಾಯಿತೇ? ಆ ಮಕ್ಕಳನ್ನೆಲ್ಲ ತಿರುಗಿ ಕರೆಯದಿದ್ದರೆ ಹೇಗೆ? ಮನೆಗೆ ಮರಳುವ ಕಾರಿನಲ್ಲಿ ಮಗು ಕೇಳುತ್ತದೆ: ನನ್ನದು ಯಾವಾಗ, ಎಲ್ಲಿ? ಮರುವರ್ಷ ಆ ಕುಟುಂಬವೂ ಸಭಾಂಗಣವನ್ನು ಕಾದಿರಿಸುತ್ತದೆ, ಹಣ ಸಾಲದಿದ್ದರೆ ಕ್ರೆಡಿಟ್ ಕಾರ್ಡಿನ ಮೇಲೆ. ಬೇಸಿಗೆಯ ರಜೆಯಲ್ಲಿ ಊರಿಗೆ ಬಂದಾಗ ಅದೇ ವೈಭವದ ಒಂದು ಪ್ರತಿಯನ್ನು ದುರ್ಗದ ಕಲ್ಯಾಣ ಮಂಟಪದಲ್ಲಿ ಮಾಡಿ ತೋರಿಸುತ್ತದೆ. ಅದನ್ನು ಕಂಡ ಹೊಳಲ್ಕೆರೆಯ ಅಡಿಕೆ ಬೆಳೆಗಾರನ ಮಗಳು ತನ್ನ ಮಗುವಿಗೂ ಹಾಗೆಯೇ ಆಗಬೇಕೆಂದು ಹಟ ಹಿಡಿದರೆ ಆಕೆಯನ್ನು ದೂರುವುದು ಹೇಗೆ?

ಇದಕ್ಕೆ ಹಿರಿಯರು ಕೊಡುವ ಉತ್ತರ ಸಿದ್ಧವಾಗಿದೆ: ಹುಟ್ಟುಹಬ್ಬವೆಂಬುದೇ ಪರಕೀಯರ ಪದ್ಧತಿ, ಅದನ್ನು ಬಿಟ್ಟರೆ ಎಲ್ಲವೂ ಸರಿಹೋಗುತ್ತದೆ. ಈ ಉತ್ತರ ಸುಲಭವಾದುದು, ಆದರೆ ತಪ್ಪಾದುದು. ರಾಷ್ಟ್ರಕೂಟರ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಆಚಾರ್ಯ ಜಿನಸೇನರು ರಚಿಸಿದ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ಶ್ರಾವಕನ 53 ಗರ್ಭಾನ್ವಯ ಕ್ರಿಯೆಗಳ ವಿವರಣೆಯಿದೆ. ಅವುಗಳಲ್ಲಿ ಅನ್ನಪ್ರಾಶನದ ನಂತರದ, 11ನೆಯ ಕ್ರಿಯೆಯ ಹೆಸರು ವ್ಯುಷ್ಟಿ; ವರ್ಷವರ್ಧನವೆಂಬುದು ಅದರ ಇನ್ನೊಂದು ಹೆಸರು. ಮಗುವಿಗೆ ವರ್ಷ ತುಂಬಿದಾಗ ದಾನ, ಜಿನಪೂಜೆ, ಇಷ್ಟಬಂಧುಗಳ ಆಹ್ವಾನ, ಸಹಭೋಜನ ಇವಿಷ್ಟನ್ನೂ ಆಚಾರ್ಯರು ವಿಧಿಸಿದ್ದಾರೆ. ಬಂಧುಗಳನ್ನು ಕರೆದು ಉಣಬಡಿಸುವ ಸಂತೋಷವನ್ನು ಅವರು ನಿಷೇಧಿಸಲಿಲ್ಲ. ದಾನ ಮತ್ತು ಪೂಜೆಗಳನ್ನು ಮೊದಲು ಇರಿಸಿದರು, ಅಷ್ಟೆ. ಹುಟ್ಟುಹಬ್ಬವನ್ನು ಪಶ್ಚಿಮದ ಪಾಲಿಗೆ ಬಿಟ್ಟುಕೊಟ್ಟವರು ಸ್ವಂತ ಮನೆಯ ಸಂಸ್ಕಾರವನ್ನೇ ಮರೆತವರು. ಇಂದಿನ ಸಮಾರಂಭಗಳಲ್ಲಿ ಆ ನಾಲ್ಕರಲ್ಲಿ ಮೊದಲಿನ ಎರಡು ಬಿದ್ದುಹೋಗಿ, ಕಡೆಯ ಎರಡು ಮಾತ್ರ ಮಿತಿಯಿಲ್ಲದೆ ಬೆಳೆದಿವೆ.

ಶುಭಕಾರ್ಯಗಳ ಅತಿರೇಕದ ಕುರಿತ ದೂರು ಇಂದಿನದಲ್ಲ. ಬಳ್ಳಾರಿಯಿಂದಾಚೆ, ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಗಳ ಮೇಲಿರುವ ಅಶೋಕನ ಪ್ರಧಾನ ಶಾಸನಗಳಲ್ಲಿ 9ನೆಯದು ಇದೇ ವಿಷಯದ್ದು. ರೋಗ ಬಂದಾಗ, ಮದುವೆಯಲ್ಲಿ, ಮಕ್ಕಳು ಹುಟ್ಟಿದಾಗ ಜನರು ಮಾಡುವ ಬಗೆಬಗೆಯ ಮಂಗಲಕಾರ್ಯಗಳ ಫಲ ಅಲ್ಪವೆಂದು ಆ ಅರಸು ಕಲ್ಲಿನಲ್ಲಿ ಕೆತ್ತಿಸಿದನು. ಮಾಡಬೇಡಿರೆನ್ನಲಿಲ್ಲ, ಪ್ರಾಣಿದಯೆ, ದಾನ, ಹಿರಿಯರ ಗೌರವಗಳೇ ಮಹಾಫಲದ ಮಂಗಲವೆಂದನು.

ವೈಭವದ ಪರವಾಗಿ ವಾದಿಸುವವರಿಗೆ ಒಂದು ಶಾಸ್ತ್ರಾಧಾರವೂ ದೊರೆಯುತ್ತದೆ. ತೀರ್ಥಂಕರರ ಜನ್ಮಕಲ್ಯಾಣಕಕ್ಕೆ ಇಂದ್ರನೇ ಐರಾವತವನ್ನೇರಿ ಬಂದು, ಶಿಶುವನ್ನು ಮೇರುವಿಗೆ ಒಯ್ದು ಕ್ಷೀರಸಮುದ್ರದ ಜಲದಿಂದ ಅಭಿಷೇಕ ಮಾಡಲಿಲ್ಲವೇ? ಅದಕ್ಕಿಂತ ವೈಭವದ ಹುಟ್ಟುಹಬ್ಬ ಯಾವುದು? ವಾದ ಚಮತ್ಕಾರದ್ದು. ಆದರೆ ಜನ್ಮಾಭಿಷೇಕವು ಲೋಕಕ್ಕೆ ಮೋಕ್ಷಮಾರ್ಗವನ್ನು ತೋರುವ ಜೀವದ ಪೂಜೆ. ತಂದೆಯ ಗಳಿಕೆಯ ಪ್ರದರ್ಶನವಲ್ಲ. 941ರಲ್ಲಿ ಪಂಪನು ಕನ್ನಡಕ್ಕೆ ತಂದ ಆದಿಪುರಾಣವನ್ನು ಓದಿದವರು ಮುಂದಿನ ಕಥೆಯನ್ನೂ ನೆನೆಯಬೇಕು. ಅದೇ ಪುರುದೇವನ ಆಸ್ಥಾನದಲ್ಲಿ, ನೃತ್ಯದ ನಡುವೆಯೇ ನೀಲಾಂಜನೆಯ ಆಯುಷ್ಯ ಮುಗಿಯಿತು. ರಸಭಂಗವಾಗದಿರಲೆಂದು ಇಂದ್ರನು ಕ್ಷಣಮಾತ್ರದಲ್ಲಿ ಅವಳಂತಹುದೇ ಇನ್ನೊಂದು ರೂಪವನ್ನು ನಿಲ್ಲಿಸಿದನು. ಸಭೆ ಅದನ್ನು ಅರಿಯಲಿಲ್ಲ. ಪುರುದೇವನು ಅರಿತನು, ರಾಜ್ಯವನ್ನು ಬಿಟ್ಟು ಹೊರಟನು. ಜನ್ಮೋತ್ಸವವನ್ನು ಉದಾಹರಿಸುವವರು ನೀಲಾಂಜನೆಯ ಮುಂಚೆಯೇ ಪುಸ್ತಕವನ್ನು ಮುಚ್ಚುವುದೇಕೆ?

ಪರಿಗ್ರಹಪರಿಮಾಣವು ಗೃಹಸ್ಥನ ಐದನೆಯ ಅಣುವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುವಾಗ, ಅತಿಸಂಗ್ರಹ ಮತ್ತು ಲೋಭಗಳ ನಡುವೆ ವಿಸ್ಮಯವನ್ನು ಇರಿಸಿದ್ದಾರೆ. ಪರರ ಸಿರಿಯನ್ನು ಕಂಡು ಬೆರಗುಗೊಳ್ಳುವುದು ವ್ರತಕ್ಕೆ ದೋಷ! ಕೂಡಿಟ್ಟವನಷ್ಟೇ ಅಲ್ಲ, ಬಾಯ್ದೆರೆದು ನೋಡಿದವನೂ ದೋಷಭಾಗಿ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದ್ವಾರಗಳನ್ನು ಬಾಲಬೋಧೆಯಲ್ಲೇ ಕಲಿಸುವ ಸಮಾಜ, ಮೂರನೆಯ ದ್ವಾರ ಔತಣಗಳಲ್ಲಿ ಹಾರುಹೊಡೆದಿರುವುದನ್ನು ಮಾತ್ರ ಗಮನಿಸದು. ಆತಿಥೇಯನ ಬಗೆಗೆ ಎಷ್ಟೋ ಬರೆಯಲಾಗಿದೆ. ವೈಭವವನ್ನು ಬೆಳೆಸುವವನು ಅತಿಥಿ. ನೋಡುವವರಿಲ್ಲದೆ ಬಲೂನಿನ ಕಮಾನನ್ನು ಕಟ್ಟುವ ತಂದೆ ಜಗತ್ತಿನಲ್ಲಿಲ್ಲ.

ಹಾಗಾದರೆ ಪರದೇಶದ ಕುಟುಂಬ ಆಮಂತ್ರಣವನ್ನು ತಿರಸ್ಕರಿಸಬೇಕೇ? ಮಗು ಶಾಲೆಯಲ್ಲಿ ಒಂಟಿಯಾಗುವ ಭಯ ಕಲ್ಪಿತವಲ್ಲ. ಸ್ನೇಹವನ್ನು ಕಡಿದು ವ್ರತವನ್ನು ಉಳಿಸಿಕೊಳ್ಳುವುದು ಬಾಲಕನ ಮೇಲೆ ಹೊರಿಸುವ ಹಿಂಸೆಯೇ. ಹೋಗಲಿ, ಹರಸಲಿ, ಆಡಲಿ. ಆದರೆ ಮನೆಗೆ ಬಂದಮೇಲೆ ತಾಯಿತಂದೆಯರು ಏನನ್ನು ವರ್ಣಿಸುತ್ತಾರೆಂಬುದರ ಮೇಲೆ ಎಲ್ಲವೂ ನಿಂತಿದೆ. ಗೆಳೆಯನ ನಗುವನ್ನು ನೆನೆಯುವ ಮನೆಯಲ್ಲಿ ಬೆಳೆದ ಮಗು ಬೇರೆ, ಸಭಾಂಗಣದ ದರವನ್ನು ನೆನೆಯುವ ಮನೆಯಲ್ಲಿ ಬೆಳೆದ ಮಗು ಬೇರೆ. ಎರಡನೆಯದು ತನ್ನ ಬೆಲೆಯನ್ನೂ ಆ ದರದಲ್ಲೇ ಅಳೆಯಲು ಕಲಿಯುತ್ತದೆ. ಸರದಿ ಬಂದಾಗ, ಹಗಲು ಹೊತ್ತಿನಲ್ಲಿ, ಮನೆಯಲ್ಲೇ, ನಾಲ್ಕಾರು ಗೆಳೆಯರನ್ನು ಕರೆದು ಉಣಿಸುವ ಧೈರ್ಯ ತಾಯಿತಂದೆಯರಿಗಿರಬೇಕು. ಕೊರತೆಯಿರುವುದು ಹಣಕ್ಕಲ್ಲ, ಈ ಧೈರ್ಯಕ್ಕೆ.

ಹಿಂಸೆಯ ಲೆಕ್ಕ ಬೇರೆಯೇ ಇದೆ. ಮಕ್ಕಳ ಚೀಲದಲ್ಲಿರುವ ಮೆತ್ತನೆಯ ಮಿಠಾಯಿಗಳಲ್ಲಿ ಹಲವಕ್ಕೆ ದನ, ಹಂದಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆದ ಜೆಲಟಿನ್ ಬೆರೆತಿರುತ್ತದೆ. ಕೆಲವು ಕೆಂಪು ಬಣ್ಣಗಳು ಕೀಟಗಳಿಂದ ಬಂದವು. ಹಾರಿಬಿಟ್ಟ ರಬ್ಬರು ಬಲೂನಿನ ಚೂರುಗಳನ್ನು ನುಂಗಿ ಹಕ್ಕಿಗಳೂ ಕಡಲಾಮೆಗಳೂ ಸಾಯುತ್ತವೆ. ಕೇಕಿನಲ್ಲಿ ಮೊಟ್ಟೆಯಿಲ್ಲವೆಂದು ವಿಚಾರಿಸಿ ಸಮಾಧಾನಗೊಳ್ಳುವವರು ಇಷ್ಟನ್ನೂ ವಿಚಾರಿಸಲಿ. ರಾತ್ರಿಭೋಜನದ ಮಾತನ್ನಂತೂ ಎತ್ತುವಂತೆಯೇ ಇಲ್ಲ. ದೀಪ ಹತ್ತಿದ ಮೇಲೆಯೇ ಈ ಸಮಾರಂಭಗಳಿಗೆ ಕಳೆಯೇರುವುದು.

ತಜಿಕಿಸ್ತಾನವು 2007ರಲ್ಲಿ ಸಮಾರಂಭಗಳ ವೆಚ್ಚವನ್ನು ತಡೆಯಲು ಕಾನೂನು ಮಾಡಿ, ಮದುವೆಯ ಅತಿಥಿಗಳ ಸಂಖ್ಯೆಗೆ ಮಿತಿ ಹಾಕಿತು. ಹುಟ್ಟುಹಬ್ಬವನ್ನು ಕುಟುಂಬದೊಳಗೇ ಆಚರಿಸಬೇಕೆಂದಿತು. 2011ರಲ್ಲಿ ಗೆಳೆಯರೊಡನೆ ಹುಟ್ಟುಹಬ್ಬ ಆಚರಿಸಿದ ತರುಣನೊಬ್ಬನು ದಂಡ ತೆತ್ತನು. ಅಂತಹ ಕಾನೂನು ಯಾರಿಗೂ ಬೇಡ. ಪ್ರಭುತ್ವದ ದಂಡಕ್ಕೆ ಅಂಜಿ ಹಾಕಿಕೊಂಡ ಮಿತಿ ವ್ರತವಾಗುವುದಿಲ್ಲ. ತಾನೇ ಅಳೆದು, ತಾನೇ ಗೆರೆ ಎಳೆದುಕೊಂಡರೆ ಮಾತ್ರ ಅದು ಪರಿಮಾಣ. ಅಳತೆಯ ಅರ್ಥ ಈ ಸೀಮೆಯವರಿಗೆ ತಿಳಿಯದ್ದೇನಲ್ಲ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರವು 1933ರ ತರುವಾಯ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ಮೇಲೆ. ನೀರನ್ನು ಸೋಸಿ, ಕೊಡದ ಲೆಕ್ಕದಲ್ಲಿ ಬಳಸಿದ ಅಜ್ಜಿಯರ ಮೊಮ್ಮಕ್ಕಳಿಗೆ ಮಿತಿಯೆಂಬುದು ಅವಮಾನವಾಗಿ ತೋರುವುದಾದರೆ ದೋಷ ಪರದೇಶದ್ದಲ್ಲ.

ಉಳಿದಿರುವುದು ಮಂದಿರಗಳ ಟ್ರಸ್ಟುಗಳ ಮಾತು. ಮಹಾವೀರ ಜಯಂತಿಯಂದು ಅಪರಿಗ್ರಹದ ಉಪನ್ಯಾಸ ನಡೆದ ವೇದಿಕೆಯ ಮೇಲೆಯೇ ಮರುವಾರ ವೇಷಧಾರಿಗಳು ಕುಣಿಯುವಂತಾದರೆ, ಬಾಡಿಗೆಯ ರಸೀದಿ ಹರಿದ ಟ್ರಸ್ಟು ಅನುಮೋದನೆಯನ್ನೂ ದಾಟಿ ಕಾರಿತದ ದ್ವಾರಕ್ಕೆ ಬಂದು ನಿಂತಂತೆ. ಕಟ್ಟಡಕ್ಕೆ ಖರ್ಚಿದೆ, ಆದಾಯ ಬೇಕೆಂಬ ಸಮಜಾಯಿಷಿಯನ್ನು ತಳ್ಳಿಹಾಕಲಾಗದು. ಆದರೆ ವ್ಯುಷ್ಟಿಕ್ರಿಯೆಗೆ ಭವನವನ್ನು ಬಾಡಿಗೆಯಿಲ್ಲದೆ ಕೊಟ್ಟು, ಸೂರ್ಯಾಸ್ತದೊಳಗೆ ಊಟ ಮುಗಿಯಬೇಕೆಂದೂ, ಪೂಜೆ ಮತ್ತು ದಾನ ಮೊದಲು ನಡೆಯಬೇಕೆಂದೂ, ಬಡವನ ಮಗುವಿಗೂ ವರ್ತಕನ ಮಗುವಿಗೂ ಅಲಂಕಾರ ಒಂದೇ ಎಂದೂ ನಿಯಮ ಮಾಡಲು ಯಾವ ಅಡ್ಡಿ? ಸರದಿಯಲ್ಲಿ ಮೊದಲು ತಮ್ಮ ಮೊಮ್ಮಕ್ಕಳನ್ನೇ ನಿಲ್ಲಿಸಬೇಕಾದವರು ಧರ್ಮದರ್ಶಿಗಳು. ಬರುವ ವಾರ್ಷಿಕ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಜಮಾಖರ್ಚಿನ ಪಟ್ಟಿಗಿಂತ ಮೊದಲು ಚರ್ಚೆಗೆ ತರಲಿ.